ಗಬ್ಬದ ಹಸು ಎಮ್ಮೆಗಳು ಈಯುವ ದಿನವನ್ನು ಗೊತ್ತುಮಾಡುವ ಕ್ರಮ

ತನ್ನ ಹಸು ಗಬ್ಬವಾಗಿದೆಯೆಂದು ಬಲ್ಲ ರೈತರು ಅನೇಕರಿದ್ದಾರೆ. ಅದು ಯಾವ ವಾರದಲ್ಲಿ ಈಯುವುದೆಂದು ಹೇಳಬಲ್ಲವರು ಸ್ವಲ್ಪ ಮಂದಿಯೇ. “ಸಂಕ್ರಾಂತಿ ಕಳೆದ ಮೇಲೆ ಈಯುತ್ತದೆ”, “ಮುಂಗಾರಿನ ಹೊತ್ತಿಗೆ ಕರು ಹಾಕುತ್ತದೆ” ಎಂಬಷ್ಟು ಮಾತ್ರ ತಿಳಿದಿದ್ದು, ಉಳಿದುದನ್ನು ದೈವಕ್ಕೆ ಬಿಟ್ಟಿರುವುದೇ ಸಾಮಾನ್ಯವಾದ ರೂಢಿ. ಇದರ ಫಲವಾಗಿ ಎಂಟು ತಿಂಗಳು ತುಂಬಿದ ಹಸುವನ್ನು ಒಂದು ಸೇರು ಹಾಲಿನ ಆಸೆಯಿಂದ ಕರೆಯುತ್ತಲೇ ಇರುವುದುಂಟು. ಮನೆಯವರೆಲ್ಲರೂ ಮದುವೆಗೆಂದು ಪರಸ್ಥಳಕ್ಕೆ ಹೋಗಿರುವ ರಾತ್ರಿಯೇ ಕೊಟ್ಟಿಗೆಯಲ್ಲಿ ಹಸು ನೋವು ತಿನ್ನುವುದುಂಟು. ದಿನ ತುಂಬಿದ ಎಮ್ಮೆಯ ಗರ್ಭಕೋಶ ತಿರುಚಿಕೊಂಡು ಅದು ಒದ್ದಾಡುತ್ತಿದ್ದರೆ ಹೊಟ್ಟೆಶೂಲೆಯೆಂದು ತಿಳಿದು ಕಷಾಯ ಕುಡಿಸುವುದೂ ಉಂಟು. ಇವುಗಳಲ್ಲಿ ಬಹುಭಾಗ ನಷ್ಟವು ಔಷಧದ ಅಭಾವದಿಂದ ಆಗತಕ್ಕದ್ದಲ್ಲ, ದಿನದ ಲೆಕ್ಕವಿಲ್ಲದುದರಿಂದ ಆಗತಕ್ಕದ್ದು.

ಊರಿನ ಮುಖಂಡರಿಗೆ ಈ ವಿಷಯವು ಇನ್ನೊಂದು ಕಾರಣದಿಂದಲೂ ಬೇಕಾದುದು. ಸಂತೆಯಲ್ಲಿ “ಏಳು ತಿಂಗಳ ಗಬ್ಬ” ಎಂದು ಹೇಳಿ ಮಾರಿದ ಹಸು ಮೂರು ತಿಂಗಳಾದರೂ ಈಯದೆ ಇದ್ದಾಗ, ಕೊಂಡವನು ಹಣ ಹಿಂದಕ್ಕೆ ಕೇಳುತ್ತಾನೆ, ಮಾರಿದವನು ತಾನು ಸತ್ಯವನ್ನೇ ಹೇಳಿದೆನೆನ್ನುತ್ತಾನೆ. ಪಟೇಲ ಶಾನುಭೋಗರ ಕಾಲದಲ್ಲಿ ಇಂಥ ವ್ಯಾಜ್ಯಗಳು ಚಾವಡಿಗೆ ಬರುತ್ತಿದ್ದವು. ಆ ಹುದ್ದೆಗಳು ರದ್ದಾದ ಮೇಲೂ ವ್ಯಾಜ್ಯಗಳು ಮಾತ್ರ ನಿಂತಿಲ್ಲ. ಲೆಕ್ಕದ ಕ್ರಮವನ್ನು ತಿಳಿದ ಹಿರಿಯರು ಇಂಥವನ್ನು ಎರಡು ಮಾತಿನಲ್ಲಿ ಬಗೆಹರಿಸಬಹುದು.

ಎಣಿಕೆಯ ಮೊದಲ ದಿನ

ಲೆಕ್ಕವೇನೋ ಸುಲಭವಾದುದು. ತಪ್ಪು ಬರುವುದು ಕೂಡುವುದರಲ್ಲಿ ಅಲ್ಲ, ಎಣಿಕೆಯನ್ನು ಪ್ರಾರಂಭಿಸುವ ದಿನದಲ್ಲಿ. ಹೋರಿ ಕೊಡಿಸಿದ ಅಥವಾ ಕೃತಕ ಗರ್ಭಧಾರಣೆ ಮಾಡಿಸಿದ ದಿನವನ್ನು ಆ ದಿನವೇ ಬರೆದಿಡದಿದ್ದರೆ, ಎರಡು ತಿಂಗಳ ಮೇಲೆ ಅದನ್ನು ನೆನಪಿನಿಂದ ತೆಗೆಯುವುದು ಯಾರಿಗೂ ಸಾಧ್ಯವಲ್ಲ.

ಈ ಸಂಬಂಧದಲ್ಲಿ ಹೆಂಗಸರ ಎಣಿಕೆಗೂ ರಾಸುಗಳ ಎಣಿಕೆಗೂ ಇರುವ ಭೇದವನ್ನು ತಿಳಿದಿರುವುದು ಒಳ್ಳೆಯದು. ಜರ್ಮನಿಯ ಹೈಡಲ್‌ಬರ್ಗ್ ನಗರದ ಪ್ರಸೂತಿ ವೈದ್ಯ ನೇಗೆಲೆ (1778–1851) ಎಂಬಾತನ ಹೆಸರಿನಿಂದ ಪ್ರಸಿದ್ಧವಾದ ಕ್ರಮದಲ್ಲಿ, ಹೆಂಗಸು ಕೊನೆಯ ಸಲ ಹೊರಗಾದ ಮೊದಲ ದಿನದಿಂದ ಮೂರು ತಿಂಗಳು ಹಿಂದಕ್ಕೆ ಎಣಿಸಿ ಏಳು ದಿನ ಕೂಡಿಸಿದರೆ ಹೆರಿಗೆಯ ದಿನ ಬರುತ್ತದೆ. ಇದು ಸುಮಾರು 280 ದಿನ. ಆದರೆ ಗರ್ಭವು ನಿಲ್ಲುವುದು ಆ ಮೊದಲ ದಿನಕ್ಕೆ ಸುಮಾರು ಎರಡು ವಾರ ಈಚೆಗೆ. ಆದುದರಿಂದ ನಿಜವಾದ ಗರ್ಭಕಾಲ ಸುಮಾರು 266 ದಿನ ಮಾತ್ರ. ಹಸುವಿನಲ್ಲಿ ಇಂಥ ಊಹೆಗೆ ಎಡೆಯಿಲ್ಲ. ಹಸುವಿನ ಬೆದೆ ಸಾಮಾನ್ಯವಾಗಿ 12ರಿಂದ 18 ಗಂಟೆಗಳ ಕಾಲ ಇರತಕ್ಕದ್ದು. ಬೆದೆ ಇಳಿದ ಮೇಲೆ 10–12 ಗಂಟೆಗಳಲ್ಲಿ ಅಂಡವು ಹೊರಬೀಳುತ್ತದೆ. ಹೋರಿ ಕೊಡಿಸಿದ ದಿನಕ್ಕೂ ಗರ್ಭ ನಿಂತ ದಿನಕ್ಕೂ ಒಂದು ದಿನಕ್ಕಿಂತ ಹೆಚ್ಚಿನ ಅಂತರ ಬೀಳುವುದು ಅಪರೂಪ. ಒಕ್ಕಲಿಗನು ದಿನವನ್ನು ಬರೆದಿಟ್ಟರೆ ವೈದ್ಯನಿಗಿಂತ ಗಟ್ಟಿಯಾದ ಆಧಾರದ ಮೇಲೆ ಎಣಿಸಬಹುದೆಂದಾಯಿತು.

ಬೆಳಿಗ್ಗೆ ಬೆದೆ ಕಂಡರೆ ಸಾಯಂಕಾಲ, ಸಾಯಂಕಾಲ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸತಕ್ಕದ್ದೆಂಬ ನಿಯಮವು ಈಗ ಎಲ್ಲರಿಗೂ ತಿಳಿದಿದೆ. ಅಮೆರಿಕದ ನೆಬ್ರಾಸ್ಕದಲ್ಲಿ 1943ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ಇದಕ್ಕೆ ಆಧಾರ ದೊರೆಯಿತು. ಕೃತಕ ಗರ್ಭಧಾರಣೆಯಾದರೋ ನಮ್ಮ ದೇಶದಲ್ಲಿ ಮೊದಲು ನಡೆದುದು 1939ರಲ್ಲಿ, ಮೈಸೂರು ಅರಮನೆಯ ಹೈನು ಕ್ಷೇತ್ರದಲ್ಲಿ, ಸಂಪತ್ ಕುಮಾರನ್ ಅವರ ಕೈಯಿಂದ. ಕನ್ನಡ ನಾಡಿನ ರೈತರಿಗೆ ಅದು ಹೊಸದೆನ್ನುವಂತಿಲ್ಲ. ಅದರಿಂದಾದ ಒಂದು ಉಪಕಾರವು ಹೆಚ್ಚಾಗಿ ಮಾತಿಗೆ ಬರುವುದಿಲ್ಲ: ಹೋರಿಯು ಮಂದೆಯೊಡನೆ ತಿರುಗುತ್ತಿದ್ದಾಗ ಯಾವ ಹಸು ಯಾವ ದಿನ ಕೂಡಿತೆಂಬುದು ದನಕಾಯುವ ಹುಡುಗನಿಗೆ ಮಾತ್ರ ಗೊತ್ತು, ಈಗ ದಿನವು ಕಾಗದದ ಮೇಲೆ ಬರುತ್ತದೆ. ರಾಸಿನ ಕಿವಿಗೆ ಹಾಕುವ 12 ಅಂಕಿಯ ಓಲೆಯ ಸಂಖ್ಯೆಯೊಡನೆ ಈ ದಿನವು ಸರ್ಕಾರದ ಲೆಕ್ಕದಲ್ಲಿಯೂ ದಾಖಲಾಗುವ ಏರ್ಪಾಡಿದೆ. ಹಾಗಿದ್ದಾಗ್ಯೂ ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಿಂದಲೋ ಮಸಿಯಿಂದಲೋ ಬರೆದಿಟ್ಟ ದಿನಾಂಕಕ್ಕಿಂತ ಕೈಗೆ ಹತ್ತಿರವಾದ ದಾಖಲೆ ಬೇರೊಂದಿಲ್ಲ.

ಗರ್ಭಕಾಲವೆಷ್ಟು

ಹಸುವಿಗೆ ಒಂಬತ್ತು ತಿಂಗಳು, ಎಮ್ಮೆಗೆ ಹತ್ತು ತಿಂಗಳು ಎಂಬುದು ವಾಡಿಕೆಯ ಮಾತು. ಇದು ಸುಳ್ಳಲ್ಲ, ಆದರೆ ಸಾಲದು. ಹಾಲ್‌ಸ್ಟೀನ್ ಫ್ರೀಸಿಯನ್ ಮತ್ತು ಜರ್ಸಿ ಜಾತಿಯ ಹಸುಗಳು ಸರಾಸರಿ 279 ದಿನಗಳ ಸುಮಾರಿನಲ್ಲಿ ಈಯುತ್ತವೆ. ಹಳ್ಳಿಕಾರ್, ಅಮೃತಮಹಲ್, ಕಿಲಾರಿ ಮುಂತಾದ ಹಿಣಿಲುಳ್ಳ ನಾಟಿ ಜಾತಿಗಳು ಇನ್ನೂ ಒಂದು ವಾರದಷ್ಟು ಹೆಚ್ಚು ಹೊತ್ತು, 285ರಿಂದ 290 ದಿನಗಳ ಹತ್ತಿರ ಈಯುವುವು. ಮಿಶ್ರತಳಿಯ ಹಸುಗಳು ಇವೆರಡರ ನಡುವೆ ಬೀಳುತ್ತವೆ. ಮುರ‍್ರಾ, ಸೂರ್ತಿ ಮೊದಲಾದ ನಮ್ಮ ಎಮ್ಮೆಗಳಿಗೆ ಸುಮಾರು 310 ದಿನ ಬೇಕು. ಐದಾರು ದಿನ ಹಿಂದು ಮುಂದಾಗುವುದು ಸಹಜ. ಕುರಿ ಮೇಕೆಗಳಿಗೆ ಐದು ತಿಂಗಳಿಗೆ ಎರಡು ಮೂರು ದಿನ ಕಡಿಮೆ, ಹಂದಿಗೆ 114 ದಿನ. ಇವು ಈ ಲೇಖನದ ವಿಷಯವಲ್ಲವಾದುದರಿಂದ ಇಷ್ಟು ಸಾಕು.

ಒಂದೇ ಹಸು ಒಂದು ಸಲ 278 ದಿನಕ್ಕೆ, ಮತ್ತೊಂದು ಸಲ 286 ದಿನಕ್ಕೆ ಈಯಬಹುದು. ಇದಕ್ಕೆ ಕಾರಣವನ್ನು ಹಿಂದಿನವರು ಹಸುವಿನ ಬಲದಲ್ಲಿಯೂ ಮೇವಿನಲ್ಲಿಯೂ ಹುಡುಕುತ್ತಿದ್ದರು. ನ್ಯೂಜಿಲೆಂಡಿನ ಗ್ರಹಾಂ ಲಿಗ್ಗಿನ್ಸ್ ಎಂಬ ವೈದ್ಯರು 1960ರ ದಶಕದಲ್ಲಿ ಕುರಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ನಿಜವಾದ ಕಾರಣ ಹೊರಬಂದಿತು. ಗರ್ಭದಲ್ಲಿರುವ ಮರಿಯ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯನ್ನು ನಾಶಮಾಡಿದರೆ ತಾಯಿಯು ದಿನ ಕಳೆದರೂ ಈಯುತ್ತಿರಲಿಲ್ಲ. ಮರಿಗೆ ಕಾರ್ಟಿಸಾಲ್ ಎಂಬ ರಸವನ್ನು ಕೊಟ್ಟರೆ ದಿನಕ್ಕೆ ಮೊದಲೇ ಈಯುತ್ತಿತ್ತು. ಎಂದರೆ, ಗರ್ಭದಲ್ಲಿರುವ ಮರಿಯು ಹೊರಗೆ ಬದುಕುವಷ್ಟು ಮಾಗಿದಾಗ ತಾನೇ ಸೂಚನೆಯನ್ನು ಕೊಡುತ್ತದೆ. ತಾಯಿಯು ಅದನ್ನು ಅನುಸರಿಸುತ್ತಾಳೆ. ಹಸುವಿನಲ್ಲಿಯೂ ಈ ಏರ್ಪಾಡು ಹೀಗೆಯೇ. ಇದನ್ನು ತಿಳಿದರೆ ಉಳಿದ ಭೇದಗಳು ತಾವಾಗಿಯೇ ಅರ್ಥವಾಗುತ್ತವೆ. ಕರುವಿನ ಅರ್ಧ ಗುಣ ತಂದೆಯದಾದುದರಿಂದ, ಹಳ್ಳಿಕಾರ್ ಹಸುವಿಗೆ ಜರ್ಸಿ ಹೋರಿಯ ವೀರ್ಯವನ್ನು ಕೊಡಿಸಿದಾಗ ಶುದ್ಧ ಹಳ್ಳಿಕಾರ್ ಕರುವಿಗಿಂತ ಕೆಲವು ದಿನ ಮುಂಚಿತವಾಗಿ ಈಯುತ್ತದೆ. ಹೋರಿಗರುವಾದರೆ ಒಂದೆರಡು ದಿನ ತಡ. ಅವಳಿ ಕರುಗಳಾದರೆ ಕೆಲವು ದಿನ ಬೇಗ. ಆದುದರಿಂದ ಯಾವ ಲೆಕ್ಕವೂ ಒಂದು ದಿನವನ್ನು ಬೆರಳಿಟ್ಟು ತೋರಿಸಲಾರದು. ಲೆಕ್ಕದ ದಿನಕ್ಕೆ ಹಿಂದೆ ಒಂದು ವಾರ, ಮುಂದೆ ಒಂದು ವಾರ, ಒಟ್ಟು ಹದಿನೈದು ದಿನಗಳ ಅವಧಿಯನ್ನು ಎಚ್ಚರದ ಕಾಲವೆಂದು ಇಟ್ಟುಕೊಳ್ಳತಕ್ಕದ್ದು.

ಎಣಿಸುವ ರೀತಿ

ಇಂಗ್ಲಿಷ್ ತಿಂಗಳುಗಳಿಂದ ಎಣಿಸುವವರಿಗೆ ಹಸುವಿನ ಸೂತ್ರ ಇದು: ಗರ್ಭಧಾರಣೆಯ ದಿನದಿಂದ ಮೂರು ತಿಂಗಳು ಹಿಂದಕ್ಕೆ ಹೋಗಿ ಹತ್ತು ದಿನ ಕೂಡಿಸುವುದು. ಆಗಸ್ಟ್ 15ರಂದು ಕೊಡಿಸಿದ ಹಸುವಿಗೆ ಮೂರು ತಿಂಗಳು ಹಿಂದೆ ಮೇ 15. ಹತ್ತು ದಿನ ಕೂಡಿದರೆ ಮೇ 25. ಇದು 283 ದಿನವಾಗುತ್ತದೆ. ಮಿಶ್ರತಳಿಗೆ ಇದು ಸರಿಯಾಗಿ ಹೊಂದುವುದು. ಶುದ್ಧ ಸೀಮೆಹಸುವಿಗೆ ನಾಲ್ಕು ದಿನ ಕಳೆಯಬೇಕು, ನಾಟಿ ಹಸುವಿಗೆ ನಾಲ್ಕು ದಿನ ಸೇರಿಸಬೇಕು. ಎಮ್ಮೆಗೆ ಎರಡು ತಿಂಗಳು ಹಿಂದಕ್ಕೆ ಹೋಗಿ ಆರು ದಿನ ಕೂಡಿಸುವುದು. ಅದೇ ಆಗಸ್ಟ್ 15ಕ್ಕೆ ಜೂನ್ 21 ಬರುತ್ತದೆ.

ಪಂಚಾಂಗದ ತಿಥಿಗಳಿಂದ ಎಣಿಸುವವರಿಗೆ ಇನ್ನೂ ಅಂದವಾದ ಕ್ರಮವೊಂದಿದೆ. ಚಾಂದ್ರಮಾನದ ತಿಂಗಳು 29½ ದಿನಗಳಿಗಿಂತ ತುಸು ಹೆಚ್ಚು. ಒಂಬತ್ತೂವರೆ ಚಾಂದ್ರಮಾಸಗಳೆಂದರೆ 280½ ದಿನ. ಹತ್ತೂವರೆ ಚಾಂದ್ರಮಾಸಗಳೆಂದರೆ 310 ದಿನ. ಮೊದಲನೆಯದು ಹಸುವಿನ ಗರ್ಭಕಾಲ, ಎರಡನೆಯದು ಎಮ್ಮೆಯದು. ಹೀಗೆ ಶುದ್ಧ ಪಕ್ಷದ ಒಂದು ತಿಥಿಯಲ್ಲಿ ಕೊಡಿಸಿದ ರಾಸು ಬಹುಳದ ಅದೇ ತಿಥಿಯ ಸುಮಾರಿಗೂ, ಬಹುಳದಲ್ಲಿ ಕೊಡಿಸಿದುದು ಶುದ್ಧದ ಅದೇ ತಿಥಿಯ ಸುಮಾರಿಗೂ ಈಯುವುದು. ಕಾರ್ತಿಕ ಶುದ್ಧ ಪಂಚಮಿಯಂದು ಕೊಡಿಸಿದ ಹಸುವಿಗೆ ಒಂಬತ್ತು ತಿಂಗಳಿಗೆ ನಾಗರಪಂಚಮಿ. ಅಲ್ಲಿಂದ ಅರ್ಧ ತಿಂಗಳು ಕಳೆದು ಶ್ರಾವಣ ಬಹುಳ ಪಂಚಮಿ. ನಾಟಿ ಹಸುವಾದರೆ ಇನ್ನೂ ಐದಾರು ದಿನ ಕಾಯಬೇಕು.

ಈ ಕ್ರಮದಲ್ಲಿ ಒಂದು ದೊಡ್ಡ ಹೊಂಡವುಂಟು; ಅದು ಅಧಿಕಮಾಸ. ಮಾಸದ ಹೆಸರನ್ನು ಹಿಡಿದು ಎಣಿಸುವವರು ನಡುವೆ ಬರುವ ಅಧಿಕಮಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುತ್ತಾರೆ. ಮದುವೆ ಮುಂಜಿಗಳಿಗೆ ಆ ತಿಂಗಳು ಇಲ್ಲದಂತೆ ಇರಬಹುದು, ಹಸುವಿನ ಹೊಟ್ಟೆಯಲ್ಲಿರುವ ಕರುವಿಗೆ ಅದೂ ಒಂದು ತಿಂಗಳೇ. 2025ರ ಕಾರ್ತಿಕ ಶುದ್ಧ ಪಂಚಮಿ ಅಕ್ಟೋಬರ್ 26ನೆಯ ತಾರೀಕು. 2026ರಲ್ಲಿ ಮೇ 17ರಿಂದ ಜೂನ್ 15ರ ವರೆಗೆ ಅಧಿಕ ಜ್ಯೇಷ್ಠವಿರುವುದರಿಂದ, ಆ ದಿನ ಕೊಡಿಸಿದ ಹಸುವಿಗೆ ದಿನ ತುಂಬುವುದು ಆಷಾಢ ಬಹುಳ ಪಂಚಮಿಗೆ, ಎಂದರೆ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ. ಅಧಿಕಮಾಸವನ್ನು ಮರೆತವನು ಶ್ರಾವಣ ಬಹುಳದ ವರೆಗೆ ನಿಶ್ಚಿಂತನಾಗಿದ್ದರೆ ಕರುವು ಅವನಿಗಿಂತ ಒಂದು ತಿಂಗಳು ಮುಂಚೆ ಬಂದಿರುತ್ತದೆ. ಅಧಿಕಮಾಸವು 32–33 ತಿಂಗಳಿಗೊಮ್ಮೆ ಬರತಕ್ಕದ್ದಾದುದರಿಂದ ಹಸು ಎರಡು ಮೂರು ಸಲ ಈಯುವಷ್ಟರಲ್ಲಿ ಒಮ್ಮೆ ಈ ತಪ್ಪಿಗೆ ಅವಕಾಶವಾಗುತ್ತದೆ. ದಕ್ಷಿಣ ಕನ್ನಡ, ಉಡುಪಿಗಳ ಕಡೆ ಸೌರಮಾನದ ತಿಂಗಳುಗಳಿಂದ ಎಣಿಸುವವರಿಗೆ ಈ ತೊಡಕಿಲ್ಲ. ಅವರು ಒಂಬತ್ತು ತಿಂಗಳಿಗೆ ಹತ್ತು ದಿನ ಕೂಡಿಸಿದರೆ ಸಾಕು.

ತಾರೀಕು ತಿಥಿಗಳೆರಡನ್ನೂ ನೆನಪಿಡದೆ ಮಳೆಯ ನಕ್ಷತ್ರಗಳನ್ನು ಮಾತ್ರ ಬಾಯಲ್ಲಿಟ್ಟುಕೊಂಡಿರುವ ಹಿರಿಯ ಒಕ್ಕಲಿಗರು ಈಗಲೂ ಇದ್ದಾರೆ. ಅವರಿಗೂ ದಾರಿಯಿದೆ. ಸೂರ್ಯನು 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುವುದರಿಂದ ಒಂದೊಂದು ಮಳೆಗೆ ಸುಮಾರು ಹದಿಮೂರೂವರೆ ದಿನ. ಇಪ್ಪತ್ತೊಂದು ಮಳೆಗಳೆಂದರೆ 284 ದಿನ, ಇಪ್ಪತ್ತಮೂರು ಮಳೆಗಳೆಂದರೆ 311 ದಿನ. ಆದುದರಿಂದ ಹಸುವಿಗೆ ಕೊಡಿಸಿದ ಮಳೆಯಿಂದ ಆರು ಮಳೆ ಹಿಂದಕ್ಕೆ, ಎಮ್ಮೆಗೆ ನಾಲ್ಕು ಮಳೆ ಹಿಂದಕ್ಕೆ ಎಣಿಸಿದರೆ ಮುಂದಿನ ವರ್ಷದಲ್ಲಿ ಈಯುವ ಮಳೆ ಸಿಕ್ಕುತ್ತದೆ. ಸ್ವಾತಿ ಮಳೆಯ ಮೊದಲಲ್ಲಿ ಕೊಡಿಸಿದ ಹಸುವಿಗೆ ಚಿತ್ತೆ, ಹಸ್ತ, ಉತ್ತರೆ, ಹುಬ್ಬೆ, ಮಖೆ, ಆಶ್ಲೇಷ ಎಂದು ಆರನ್ನು ಹಿಂದಕ್ಕೆಣಿಸಿ, ಆಶ್ಲೇಷ ಮಳೆಯ ಮೊದಲಲ್ಲಿ ಕಾಯತಕ್ಕದ್ದು; ಎಮ್ಮೆಯಾದರೆ ಹುಬ್ಬೆ ಮಳೆಯ ಮೊದಲಲ್ಲಿ. ಮಳೆಯ ನಕ್ಷತ್ರವು ಸೂರ್ಯನ ನಡೆಯನ್ನು ಅನುಸರಿಸುವುದರಿಂದ ಇದಕ್ಕೆ ಅಧಿಕಮಾಸದ ಬಾಧೆಯಿಲ್ಲ. ಬರಹ ಬಾರದ ಮನೆಯವರಿಗೆ ಇದಕ್ಕಿಂತ ಸುಲಭವಾದ ಲೆಕ್ಕವನ್ನು ಹೇಳಿಕೊಡುವುದು ಕಷ್ಟ.

ಲೆಕ್ಕ ತಪ್ಪುವ ಬಗೆಗಳು

ಹಸುವಿನ ಬೆದೆ ಸುಮಾರು 21 ದಿನಗಳಿಗೊಮ್ಮೆ ಬರತಕ್ಕದ್ದು. ಆದುದರಿಂದ ಗರ್ಭಧಾರಣೆಯಾದ 21ನೆಯ ದಿನದ ಸುಮಾರಿಗೂ, ತಿರುಗಿ 42ನೆಯ ದಿನದ ಸುಮಾರಿಗೂ ಹಸುವನ್ನು ಬೆಳಿಗ್ಗೆ ಸಾಯಂಕಾಲ ಗಮನವಿಟ್ಟು ನೋಡಬೇಕು. ಮೇಲಿನ ಉದಾಹರಣೆಯ ಆಗಸ್ಟ್ 15ರ ಹಸುವನ್ನು ಸೆಪ್ಟೆಂಬರ್ 5ಕ್ಕೂ 26ಕ್ಕೂ ನೋಡತಕ್ಕದ್ದು. ಬೆದೆ ಬಾರದಿದ್ದರೆ ಗಬ್ಬವೆಂದು ಊಹಿಸಬಹುದು, ನಿಶ್ಚಯಿಸಲಾಗದು. ಸೊರಗಿದ ಹಸುವೂ ಬೆದೆಗೆ ಬಾರದೆ ಇರಬಹುದು. ಎಮ್ಮೆಯಲ್ಲಂತೂ ಬೆದೆಯು ಹೊರಗೆ ಕಾಣದಂತೆ ಮೂಕವಾಗಿರುವುದೂ, ರಾತ್ರಿಯ ತಂಪಿನಲ್ಲಿ ಬಂದು ಬೆಳಗಾಗುವಷ್ಟರಲ್ಲಿ ಇಳಿದುಹೋಗುವುದೂ ಸಾಮಾನ್ಯ. ಆದುದರಿಂದ ಎರಡೂವರೆ ತಿಂಗಳಿಂದ ಮೂರು ತಿಂಗಳೊಳಗಾಗಿ ಪಶುವೈದ್ಯರಿಂದ ಪರೀಕ್ಷೆ ಮಾಡಿಸುವುದು ಆವಶ್ಯಕ. ಗಬ್ಬವಿಲ್ಲವೆಂದು ಆಗ ತಿಳಿದರೆ ಹೋದುದು ಮೂರು ತಿಂಗಳು. ಪರೀಕ್ಷೆಯಿಲ್ಲದೆ ದಿನ ತುಂಬುವ ವರೆಗೂ ಕಾದು ಕುಳಿತರೆ ಹೋಗುವುದು ಒಂದು ವರ್ಷದ ಹಾಲೂ ಒಂದು ಕರುವೂ.

ಒಂದು ಬೆದೆಗೆ ನಿಲ್ಲದೆ ಎರಡು ಮೂರು ಸಲ ಕೊಡಿಸಿದ ಹಸುವಿನಲ್ಲಿ ಕೊನೆಯ ದಿನದಿಂದ ಎಣಿಸುವುದು ವಾಡಿಕೆ. ಬಹುಮಟ್ಟಿಗೆ ಅದು ಸರಿಯೇ. ಆದರೆ ಗಬ್ಬವಾದ ಹಸುಗಳಲ್ಲಿಯೂ ಕೆಲವು ಬೆದೆಯ ಚಿಹ್ನೆಗಳನ್ನು ತೋರಿಸುತ್ತವೆ. ಅಂಥ ಹಸುವಿಗೆ ಮೊದಲ ಸಲವೇ ಗರ್ಭ ನಿಂತಿದ್ದು, ಎರಡನೆಯ ಸಲ ಕೊಡಿಸಿದ ದಿನದಿಂದ ಲೆಕ್ಕಹಾಕಿದರೆ ಕರು 21 ದಿನ ಮೊದಲೇ ಬಂದಂತಾಗುತ್ತದೆ. ಆಗ ಅಕಾಲದ ಪ್ರಸವವೆಂದು ಭಯಪಡುತ್ತಾರೆ. ಇದಕ್ಕಿಂತಲೂ ಕೇಡಿನ ಸಂಗತಿಯೊಂದುಂಟು: ಗರ್ಭ ನಿಂತು ಎರಡು ಮೂರು ತಿಂಗಳಾದ ಹಸುವಿಗೆ, ಬೆದೆಯೆಂದು ತಿಳಿದು, ಕೃತಕ ಗರ್ಭಧಾರಣೆಯ ನಳಿಗೆಯನ್ನು ಗರ್ಭಕೋಶದ ಕೊರಳು ದಾಟಿಸಿದರೆ ಗರ್ಭಪಾತವಾಗುವ ಸಂಭವವುಂಟು. ಹಿಂದೆ ಕೊಡಿಸಿದ ದಿನವನ್ನು ಬಂದ ಸಿಬ್ಬಂದಿಗೆ ತಪ್ಪದೆ ತಿಳಿಸಿ, ಮೊದಲು ಪರೀಕ್ಷೆ ಮಾಡಿಸಿ ಆಮೇಲೆ ಮುಂದುವರಿಯುವಂತೆ ಕೇಳಿಕೊಳ್ಳತಕ್ಕದ್ದು. ಮನೆಯ ಯಜಮಾನನಿಗೆ ಮಾತ್ರ ಗೊತ್ತಿದ್ದು ಹೆಂಗಸರಿಗೆ ಗೊತ್ತಿಲ್ಲದ ದಿನಾಂಕವು ಇಂಥ ಸಮಯದಲ್ಲಿ ಪ್ರಯೋಜನಕ್ಕೆ ಬಾರದು. ಹಗಲೆಲ್ಲ ಕೊಟ್ಟಿಗೆಯಲ್ಲಿರುವವರು ಹೆಚ್ಚಾಗಿ ಅವರೇ.

ಲೆಕ್ಕಕ್ಕೂ ನಿಜಕ್ಕೂ ಐದಾರು ದಿನದ ಭೇದ ಬಂದರೆ ಅದು ಪ್ರಕೃತಿಯದೆಂದೂ, 21 ಅಥವಾ 42 ದಿನದ ಹತ್ತಿರ ಬಂದರೆ ಎಣಿಕೆಗೆ ಹಿಡಿದ ಬೆದೆಯೇ ತಪ್ಪೆಂದೂ, ಸರಿಯಾಗಿ ಒಂದು ತಿಂಗಳು ಬಂದರೆ ಅಧಿಕಮಾಸವೋ ಕೈಬೆರಳಿನ ಎಣಿಕೆಯೋ ಮೋಸಮಾಡಿತೆಂದೂ ತಿಳಿಯಬಹುದು. ಮಾರಾಟದ ವ್ಯಾಜ್ಯಗಳಲ್ಲಿ ಹಿರಿಯರಿಗೆ ಈ ಮೂರು ಅಳತೆಗಳು ಬಹಳ ಉಪಯೋಗಕ್ಕೆ ಬರುವುವು. ಮೂರು ವಾರದ ಅಂತರಕ್ಕೆ ಮಾರಿದವನನ್ನು ವಂಚಕನೆಂದು ಕರೆಯುವುದು ನ್ಯಾಯವಲ್ಲ. ಮೂರು ತಿಂಗಳ ಅಂತರಕ್ಕೆ ನೆವ ಹೇಳಲು ಅವನಿಗೆ ಎಡೆಯಿಲ್ಲ. ಬರಿಯ ಬಾಯಿಮಾತಿನ ಮೇಲೆ ಗಬ್ಬದ ಹಸುವನ್ನು ಕೊಳ್ಳುವವರು ಕೊಳ್ಳುವುದಕ್ಕೆ ಮುಂಚೆಯೇ ಪರೀಕ್ಷೆ ಮಾಡಿಸತಕ್ಕದ್ದು. ಗರ್ಭಕ್ಕೆ ಎರಡು ಮೂರು ತಿಂಗಳಾಗಿರುವಾಗ ವೈದ್ಯರ ಅಂದಾಜು ನಿಜಕ್ಕೆ ಹತ್ತಿರವಾಗಿರುತ್ತದೆ. ಐದಾರು ತಿಂಗಳಾದ ಮೇಲೆ ಕರುವು ಹೊಟ್ಟೆಯ ಆಳಕ್ಕೆ ಇಳಿದು ಕೈಗೆ ಎಟುಕದೆ ಹೋಗುವುದರಿಂದ ಅವರ ಮಾತಿನಲ್ಲಿಯೂ ಒಂದು ತಿಂಗಳು ಹಿಂದುಮುಂದಾಗುವುದುಂಟು. ಹೊರಗಿನಿಂದ ಹೊಟ್ಟೆಯ ಗಾತ್ರವನ್ನು ನೋಡಿ ತಿಂಗಳು ಹೇಳುವ ದಳ್ಳಾಳಿಯ ಮಾತನ್ನು ಯಾರೂ ಲೆಕ್ಕಕ್ಕೆ ಇಡಬೇಕಾದುದಿಲ್ಲ.

ದಿನ ತಿಳಿದುದರ ಉಪಯೋಗ

ಈಯುವ ದಿನಕ್ಕೆ ಅರುವತ್ತು ದಿನ ಮುಂಚೆ ಹಾಲು ಕರೆಯುವುದನ್ನು ನಿಲ್ಲಿಸತಕ್ಕದ್ದು. ಆಗಸ್ಟ್ 15ರ ಹಸುವಿಗೆ ಇದು ಮಾರ್ಚ್ 25ರ ಸುಮಾರು, ಎಮ್ಮೆಗೆ ಏಪ್ರಿಲ್ 21ರ ಸುಮಾರು. ಎರಡು ತಿಂಗಳ ಹಾಲು ನಷ್ಟವಾಯಿತೆಂದು ಕೆಲವರು ಹಿಂಜರಿಯುತ್ತಾರೆ. ಕರುವಿನ ಮೈ ಬೆಳೆಯುವುದರಲ್ಲಿ ಬಹುಭಾಗವು ಗರ್ಭದ ಕೊನೆಯ ಮೂರು ತಿಂಗಳಲ್ಲಿಯೇ ಆಗತಕ್ಕದ್ದು. ಕೆಚ್ಚಲು ಮುಂದಿನ ಹಾಲಿಗೆ ಹೊಸದಾಗಿ ಸಿದ್ಧವಾಗುವುದೂ ಆಗಲೇ. ಬತ್ತಿಸದೆ ಕರೆದ ಹಸು ಮುಂದಿನ ಸೂಲಿನಲ್ಲಿ ಹಾಲು ಕಡಿಮೆ ಮಾಡುತ್ತದೆ. ಈಗ ಉಳಿಸಿಕೊಂಡೆವೆಂದು ತಿಳಿದ ಹಾಲಿಗಿಂತ ಆಗ ಹೋಗುವುದು ಹೆಚ್ಚು. ಬತ್ತಿಸುವಾಗ ಹಿಂಡಿ ಬೂಸಗಳನ್ನು ಕೆಲವು ದಿನ ಕಡಿಮೆಮಾಡಿ, ಕರೆಯುವುದನ್ನು ನಿಲ್ಲಿಸಿದ ದಿನ ಮೊಲೆಗಳಿಗೆ ಹಾಕತಕ್ಕ ಔಷಧವನ್ನು ವೈದ್ಯರಿಂದ ಕೇಳಿ ಹಾಕಿಸಿದರೆ ಕೆಚ್ಚಲು ಬಾವಿನ ಭಯ ಕಡಿಮೆಯಾಗುವುದು. ಹಾಲು ಬತ್ತಿದ ಮೇಲೆ ಹಸುರು ಮೇವಿನೊಡನೆ ದಿನಕ್ಕೆ ಒಂದೆರಡು ಕಿಲೋಗ್ರಾಮಿನಷ್ಟು ಹಿಂಡಿ ಮಿಶ್ರಣವನ್ನು ಹಸುವಿನ ಮೈಕಟ್ಟನ್ನು ನೋಡಿ ಕೊಡಬಹುದು, ಕೊಬ್ಬುವಷ್ಟು ಕೊಡಬಾರದು.

ಹೆಚ್ಚು ಹಾಲು ಕೊಡುವ ಮಿಶ್ರತಳಿಯ ಹಸುಗಳು ಈದ ಎರಡು ಮೂರು ದಿನಗಳೊಳಗೆ ಕಾಲು ಸೋತು ಮಲಗಿ, ಕುತ್ತಿಗೆಯನ್ನು ಪಕ್ಕಕ್ಕೆ ತಿರುಗಿಸಿಕೊಂಡು, ಮೈ ತಣ್ಣಗಾಗುವ ಕಾಯಿಲೆಗೆ ಹಾಲುಜ್ವರವೆಂದು ಹೆಸರು. ಜ್ವರವಿಲ್ಲದ ಕಾಯಿಲೆಗೆ ಈ ಹೆಸರು ಹೇಗೆ ಬಂತೋ! ರಕ್ತದಲ್ಲಿ ಸುಣ್ಣದ ಅಂಶವು ಇದ್ದಕ್ಕಿದ್ದಂತೆ ಇಳಿಯುವುದೇ ಇದಕ್ಕೆ ಕಾರಣ. ಇದನ್ನು ತಡೆಯಲೆಂದು ಕೊನೆಯ ಮೂರು ವಾರ ಸುಣ್ಣದ ಅಂಶವುಳ್ಳ ಔಷಧಗಳನ್ನು ಬಹಳವಾಗಿ ಕುಡಿಸುವವರಿದ್ದಾರೆ. ಇದು ಒಳ್ಳೆಯದನ್ನು ಬಯಸಿ ಕೆಟ್ಟದ್ದನ್ನು ಮಾಡಿದಂತೆ. ಈಯುವುದಕ್ಕೆ ಮುಂಚೆ ಸುಣ್ಣದ ಅಂಶ ಧಾರಾಳವಾಗಿ ಸಿಕ್ಕಿದರೆ ದೇಹವು ತನ್ನ ಮೂಳೆಗಳಿಂದ ಅದನ್ನು ತೆಗೆದುಕೊಳ್ಳುವ ಅಭ್ಯಾಸವನ್ನು ಬಿಟ್ಟು, ಹಾಲು ಇಳಿಯುವ ದಿನ ಸಾಲದೆ ಹೋಗುತ್ತದೆ. ಆ ಮೂರು ವಾರ ಯಾವುವೆಂದು ತಿಳಿಯಬೇಕಾದರೂ ದಿನದ ಲೆಕ್ಕವೇ ಬೇಕು.

ಲೆಕ್ಕದ ದಿನಕ್ಕೆ ಹದಿನೈದು ದಿನ ಮುಂಚೆ ಹಸುವನ್ನು ದೂರದ ಮೇವಿಗೆ ಬಿಡುವುದನ್ನು ನಿಲ್ಲಿಸಿ, ಒಣಹುಲ್ಲು ಹಾಸಿದ, ಜಾರದ ನೆಲವುಳ್ಳ ಪ್ರತ್ಯೇಕ ಸ್ಥಳದಲ್ಲಿ ಕಟ್ಟತಕ್ಕದ್ದು. ಅಲ್ಲಿಂದ ಮುಂದೆ ಪಂಚಾಂಗವನ್ನು ಬದಿಗಿಟ್ಟು ಹಸುವನ್ನೇ ನೋಡಬೇಕು. ಕೆಚ್ಚಲು ಬಿಗಿಯುವುದು, ಈಯುವ ದ್ವಾರ ಊದಿ ಸಡಿಲವಾಗುವುದು, ದಪ್ಪವಾದ ಲೋಳೆ ಇಳಿಯುವುದು ಇವು ಕೆಲವು ದಿನ ಮೊದಲೇ ಕಾಣುತ್ತವೆ. ಬಾಲದ ಬುಡದ ಎರಡು ಪಕ್ಕದ ನರಗಳು ಸಡಿಲಿ ಗುಳಿಬಿದ್ದರೆ ಒಂದೆರಡು ದಿನ ಮಾತ್ರ ಉಳಿದಿದೆಯೆಂದು ತಿಳಿಯಬಹುದು. ಗುದದಲ್ಲಿ ಉಷ್ಣಮಾಪಕವನ್ನಿಟ್ಟು ದಿನವೂ ನೋಡುವವರಿಗೆ, ಈಯುವುದಕ್ಕೆ ಮುಂಚಿನ ದಿನ ಮೈಯ ಉಷ್ಣವು ಸುಮಾರು ಅರ್ಧ ಡಿಗ್ರಿ ಸೆಂಟಿಗ್ರೇಡ್ ಇಳಿದುದು ಗೊತ್ತಾಗುತ್ತದೆ.

ನೀರುಚೀಲ ಒಡೆದ ಮೇಲೆ ಮುಂಗಾಲುಗಳೆರಡೂ ಅವುಗಳ ಮೇಲೆ ಮೂತಿಯೂ ಕಂಡರೆ ಕರು ಸರಿಯಾಗಿದೆ. ಹಸುವನ್ನು ಅದರ ಪಾಡಿಗೆ ಬಿಡುವುದೇ ಮೇಲು. ಎರಡು ಗಂಟೆಗಳಾದರೂ ಮುಂದುವರಿಯದಿದ್ದರೆ, ಒಂದೇ ಕಾಲು ಅಥವಾ ಬಾಲ ಮಾತ್ರ ಕಂಡರೆ, ಹಗ್ಗ ಕಟ್ಟಿ ಹತ್ತು ಜನ ಎಳೆಯುವುದನ್ನು ಬಿಟ್ಟು ವೈದ್ಯರಿಗೆ ಹೇಳಿ ಕಳುಹಿಸಬೇಕು. ದಿನ ತುಂಬಿದ ಎಮ್ಮೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗರೂಕತೆ ಬೇಕು. ಅದು ಮೇವು ಬಿಟ್ಟು, ಏಳುತ್ತ ಮಲಗುತ್ತ, ಹೊಟ್ಟೆಯನ್ನು ಒದೆದುಕೊಳ್ಳುತ್ತ ಇದ್ದು, ನೀರುಚೀಲವಾಗಲಿ ಕಾಲಾಗಲಿ ಹೊರಗೆ ಬಾರದಿದ್ದರೆ ಗರ್ಭಕೋಶ ತಿರುಚಿಕೊಂಡಿರುವ ಸಂಭವ ಬಹಳ. ಎಮ್ಮೆಗಳಲ್ಲಿ ಪ್ರಸವ ಕಷ್ಟವಾಗುವುದಕ್ಕೆ ಇದೇ ಮುಖ್ಯ ಕಾರಣ. ಆ ದಿನವೇ ವೈದ್ಯರು ಬಂದರೆ ಎಮ್ಮೆಯನ್ನು ಮಲಗಿಸಿ ಹೊರಳಿಸಿ ತಿರುಚನ್ನು ಬಿಡಿಸಬಹುದು. ತಡವಾದಷ್ಟೂ ಮೊದಲು ಕರು, ಆಮೇಲೆ ಎಮ್ಮೆ ಕೈಬಿಡುತ್ತವೆ. ದಿನದ ಲೆಕ್ಕ ಬರೆದಿಟ್ಟ ಮನೆಯಲ್ಲಿ ಇದು ಹೊಟ್ಟೆಶೂಲೆಯಲ್ಲವೆಂಬ ಅನುಮಾನ ಕೂಡಲೇ ಹುಟ್ಟುತ್ತದೆ. ಲೆಕ್ಕವಿಲ್ಲದ ಮನೆಯಲ್ಲಿ ಆ ಅನುಮಾನ ಹುಟ್ಟುವಷ್ಟರಲ್ಲಿ ಎರಡು ದಿನ ಕಳೆದಿರುತ್ತದೆ.

ದಿನ ಮೀರಿದಾಗ ಏನು ಮಾಡಬೇಕೆಂಬುದು ಪದೇ ಪದೇ ಬರುವ ಪ್ರಶ್ನೆ. ಲೆಕ್ಕದ ದಿನ ಕಳೆದು ಒಂದು ವಾರವಾದರೂ ಹಸು ಮೇವು ತಿಂದು ಮೆಲುಕು ಹಾಕುತ್ತಿದ್ದರೆ ಕಾಯತಕ್ಕದ್ದು. ಕರುವು ತನ್ನ ಸೂಚನೆಯನ್ನು ಕೊಡುವುದಕ್ಕೆ ಮುಂಚೆ ಔಷಧದಿಂದ ಈಯಿಸಿದರೆ ಮಾಸು ಬೀಳದೆ ನಿಲ್ಲುವುದೂ ಕರು ಬಲಹೀನವಾಗುವುದೂ ಉಂಟು. ವೈದ್ಯರು ನೋಡಿ ನಿಶ್ಚಯಿಸದೆ ಅಂಥ ಚುಚ್ಚುಮದ್ದನ್ನು ಯಾರಿಂದಲೂ ಕೊಡಿಸಬಾರದು. ಆದರೆ ಮಿಶ್ರತಳಿಯ ಹಸು 295 ದಿನವನ್ನೂ, ನಾಟಿ ಹಸು 300 ದಿನವನ್ನೂ, ಎಮ್ಮೆ 325 ದಿನವನ್ನೂ ದಾಟಿದರೆ ಪರೀಕ್ಷೆ ಮಾಡಿಸಲೇಬೇಕು. ಕರುವು ಒಳಗೇ ಸತ್ತು ಒಣಗಿರಬಹುದು, ಅತಿಯಾಗಿ ಬೆಳೆದು ಹೊರಬರಲಾರದಂತಾಗಿರಬಹುದು, ಅಥವಾ ಬರೆದಿಟ್ಟ ದಿನವೇ ತಪ್ಪಾಗಿರಬಹುದು.

ಕರು ಬಿದ್ದ ಮೇಲೆ ಎರಡು ಗಂಟೆಗಳೊಳಗೆ ಗಿಣ್ಣುಹಾಲನ್ನು ಕುಡಿಸತಕ್ಕದ್ದು. ಮಾಸು ಬೀಳಲೆಂದು ಕಾಯುವ ವಾಡಿಕೆಯನ್ನು ಬಿಡಬೇಕು. ಮಾಸು ಹನ್ನೆರಡು ಗಂಟೆಗಳೊಳಗೆ ತಾನಾಗಿ ಬೀಳುವುದು. ಬೀಳದಿದ್ದರೆ ಕಲ್ಲು ಕಟ್ಟಿ ಜಗ್ಗಿಸದೆ ವೈದ್ಯರಿಗೆ ತಿಳಿಸುವುದು. ಆ ದಿನವೇ ಗೋಡೆಯ ಮೇಲಿನ ಹಳೆಯ ದಿನಾಂಕದ ಪಕ್ಕದಲ್ಲಿ ಈದ ದಿನಾಂಕವನ್ನು ಬರೆದು, ನಡುವಿನ ದಿನಗಳನ್ನೆಣಿಸಿ ಅದನ್ನೂ ಗುರುತುಹಾಕಿದರೆ, ಮುಂದಿನ ಸಲ ಎಷ್ಟು ದಿನ ಕಾಯಬೇಕೆಂಬುದಕ್ಕೆ ಆ ಹಸುವಿನದೇ ಒಂದು ಅಳತೆ ಸಿಕ್ಕುತ್ತದೆ. ಈದ ದಿನದಿಂದ ಅರುವತ್ತು ದಿನ ಕಳೆದ ಮೇಲೆ ತೊಂಬತ್ತು ದಿನಗಳೊಳಗೆ ಬರುವ ಬೆದೆಗೆ ತಿರುಗಿ ಕೊಡಿಸಬೇಕಾದುದರಿಂದ ಮುಂದಿನ ಎಣಿಕೆಯು ಅದೇ ದಿನಾಂಕದಿಂದ ಪ್ರಾರಂಭವಾಗುತ್ತದೆ.